ಒಂದು ಸೆಂಟಿಮೀಟರ್ ಮಸುಕು

ನಮ್ಮ ಶಾಲೆಯ ವಿಜ್ಞಾನ ಸಂಘ ಎರಡು ಸಲ ಹುಟ್ಟಿತು. ಮೊದಲ ಸಲ 2017ರ ಆಗಸ್ಟ್‌ನಲ್ಲಿ, ಬ್ಯಾನರು, ಹಾರ, ಶಾಲು, ಸ್ವಾಗತಗೀತೆಗಳೊಂದಿಗೆ. ಎರಡನೆಯ ಸಲ ಮರುವರ್ಷದ ಜೂನ್‌ನಲ್ಲಿ, ತಂಪು ಪಾನೀಯದ ಬಾಟಲಿಯೊಂದರ ಕತ್ತು ಕತ್ತರಿಸಿದ ದಿನ. ಮೊದಲನೆಯದರ ಫೋಟೋಗಳು ನನ್ನ ಬಳಿ ಇನ್ನೂ ಇವೆ. ಎರಡನೆಯದಕ್ಕೆ ಫೋಟೋ ಇಲ್ಲ, ಒಂದು ಉದ್ದನೆಯ ರಿಜಿಸ್ಟರ್ ಇದೆ. ನಾನು ಬರೆಯಲು ಹೊರಟಿರುವುದು ಆ ರಿಜಿಸ್ಟರಿನ ಕಥೆಯನ್ನು.

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಾನು ವಿಜ್ಞಾನ ಶಿಕ್ಷಕನಾಗಿ ಬಂದು ಆಗ ಎರಡು ತಿಂಗಳಾಗಿತ್ತು. ವಿಜ್ಞಾನ ಸಂಘ ಇರಬೇಕೆಂಬುದು ಶಾಲೆಯ ವಾರ್ಷಿಕ ಯೋಜನೆಯ ಕಡತದಲ್ಲಿ ಮೊದಲೇ ಇತ್ತು. ಅತಿಥಿಗಳನ್ನು ಕರೆದು ದೀಪ ಹಚ್ಚಿದೆವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮಕ್ಕಳ ಹೆಸರುಗಳನ್ನು ಚಾರ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದೆವು. ಆ ಚಾರ್ಟು ವರ್ಷವಿಡೀ ಗೋಡೆಯ ಮೇಲಿತ್ತು. ಸಂಘ ಮಾಡಿದ ಕೆಲಸ ಒಂದೇ: ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಥರ್ಮಾಕೋಲಿನ ಎರಡು ಮಾದರಿಗಳನ್ನು ಒಯ್ದದ್ದು. ಒಂದು ಜ್ವಾಲಾಮುಖಿ, ಇನ್ನೊಂದು ಮಳೆನೀರು ಕೊಯ್ಲು.

ಮಳೆನೀರು ಕೊಯ್ಲಿನ ಮಾದರಿಯ ಹಿಂದೆ ನಿಂತವಳು ಎಂಟನೇ ತರಗತಿಯ ಒಬ್ಬ ಹುಡುಗಿ. ನಾನು ಬರೆದುಕೊಟ್ಟ ಎರಡು ಪುಟಗಳನ್ನು ಒಂದು ಅಕ್ಷರವೂ ತಪ್ಪದಂತೆ ಬಾಯಿಪಾಠ ಮಾಡಿದ್ದಳು. ತೀರ್ಪುಗಾರರಾಗಿ ಬಂದಿದ್ದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಕೇಳಿದರು: ‘ಚೆನ್ನಾಗಿ ಹೇಳಿದೆಯಮ್ಮ. ನಿಮ್ಮ ಶಾಲೆಯ ಚಾವಣಿಯ ಮೇಲೆ ಒಂದು ಒಳ್ಳೆಯ ಮಳೆಗೆ ಎಷ್ಟು ನೀರು ಬೀಳುತ್ತದೆ?’ ಅವಳು ನನ್ನ ಮುಖ ನೋಡಿದಳು. ಆ ಎರಡು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತಳು. ‘ನಾನು ಮರೆತೆ ಸರ್’ ಎಂದಳು. ಮರೆಯಲು ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟೇ ಇರಲಿಲ್ಲ. ತಪ್ಪು ತನ್ನದೆಂದು ಅವಳು ತಿಳಿದುಕೊಂಡಳಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಬೇಸಿಗೆ ರಜೆಯಿಡೀ ಆ ಪ್ರಶ್ನೆ ಕಾಡಿತು. ಲೆಕ್ಕ ಕಷ್ಟದ್ದೇನೂ ಅಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮಗೆ ತಿಳಿಯದೆ ಇದ್ದದ್ದು ಎರಡು ಅಂಕಿ ಮಾತ್ರ: ಚಾವಣಿ ಎಷ್ಟು ಚದರ ಮೀಟರ್, ಮಳೆ ಎಷ್ಟು ಮಿಲಿಮೀಟರ್. ಎರಡನ್ನೂ ಯಾರೋ ನಮಗೆ ಹೇಳಬೇಕಾಗಿರಲಿಲ್ಲ. ಅಳೆದುಕೊಳ್ಳಬಹುದಿತ್ತು.

2018ರ ಜೂನ್‌ನ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಎರಡು ಲೀಟರಿನ ತಂಪು ಪಾನೀಯದ ಬಾಟಲಿಯೊಂದನ್ನು ಹೆಗಲಿನ ಕೆಳಗೆ ಕತ್ತರಿಸಿ, ಕತ್ತಿನ ಭಾಗವನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿದೆವು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆಯ ಗೆರೆ ಎಳೆದೆವು. ಹೊರಗೆ ಪ್ಲಾಸ್ಟಿಕ್ ಸ್ಕೇಲ್ ಅಂಟಿಸಿದೆವು. ಅಂದು ಉಳಿದಿದ್ದವರು ಹನ್ನೊಂದು ಮಕ್ಕಳು. ಅಧ್ಯಕ್ಷರಿಲ್ಲ, ಖಜಾಂಚಿಯಿಲ್ಲ, ಏಕೆಂದರೆ ಖಜಾನೆಯೂ ಇರಲಿಲ್ಲ. ಚಾವಣಿಯನ್ನು ಟೇಪಿನಲ್ಲಿ ಅಳೆದಾಗ 18 ಮೀಟರ್ ಉದ್ದ, 7 ಮೀಟರ್ ಅಗಲ ಬಂತು. ಹತ್ತು ದಿನ ಕಾದ ಮೇಲೆ ಒಂದು ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಆ ಹುಡುಗಿ ಬಾಟಲಿಯ ಮುಂದೆ ಮಂಡಿಯೂರಿ ಕುಳಿತಿದ್ದಳು. 22 ಮಿಲಿಮೀಟರ್. ರಿಜಿಸ್ಟರಿನ ಮೊದಲ ಪುಟದಲ್ಲಿ ಅವಳ ಅಕ್ಷರದಲ್ಲಿಯೇ ಇದೆ: ‘126 × 22 = 2,772 ಲೀಟರ್.’ ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಸಂಘಕ್ಕೆ ದಿನ ಗೊತ್ತುಮಾಡುವುದು ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸಿದ್ದಕ್ಕೆ ಒಂದು ಹಿನ್ನೆಲೆ ಇದೆ. ಬಿ.ಇಡಿ. ಓದುವಾಗ ಗೆಳೆಯನೊಬ್ಬ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸ ನಡೆಯುತ್ತಿತ್ತು. ಅಂದಿನ ವಿಷಯ ಏನೆಂಬುದು ನನಗೆ ನೆನಪಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ‘ಬುಧವಾರ ಅಲ್ಲವೇ, ಬಂದೆ’ ಎಂದದ್ದು ನೆನಪಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದವರು ನರಸಿಂಹಯ್ಯ. ವಿಜ್ಞಾನವನ್ನು ವಾರದ ಸಂತೆಯಷ್ಟು ಸಹಜವಾಗಿ ಊರಿನ ನಡುವೆ ತಂದು ಕೂರಿಸಿದರು. ನಮ್ಮದು ಶನಿವಾರ. ನಾಲ್ಕು ಮಕ್ಕಳು ಬಂದರೂ ಶನಿವಾರ, ನಾನೊಬ್ಬನೇ ಇದ್ದರೂ ಶನಿವಾರ ಎಂದು ಗಟ್ಟಿಯಾಗಿ ಹಿಡಿದುಕೊಂಡೆ.

ಶನಿವಾರ ಉಳಿಯುವುದು ಹುಡುಗಿಯರಿಗೆ ಸುಲಭವಿರಲಿಲ್ಲ. ನಳದಲ್ಲಿ ನೀರು ಬಿಡುವ ಹೊತ್ತು ಅದು. ದೀಪಾವಳಿ ಕಳೆದ ಮೇಲೆ ಹತ್ತಿ ಬಿಡಿಸುವ ಕೆಲಸ. ಮನೆಮನೆಗೆ ಹೋಗಿ ಮಾತನಾಡಿದೆ. ಒಬ್ಬ ತಾಯಿ ನೇರವಾಗಿ ಕೇಳಿದರು: ‘ಮಳೆ ಅಳೆದರೆ ಏನು ಬರುತ್ತದೆ ಮಾಸ್ತರರೇ? ಅಂಕ ಕೊಡುತ್ತೀರಾ?’ ನಾನು ಇಲ್ಲವೆಂದೆ. ಉತ್ತರ ಕೊಟ್ಟದ್ದು ಕಟ್ಟೆಯ ಮೇಲೆ ಕುಳಿತಿದ್ದ ಅವರ ಮಾವ. ‘ಮೃಗಶಿರ ಎಷ್ಟು ಬಿತ್ತು, ಆರಿದ್ರಾ ಎಷ್ಟು ಬಿತ್ತು ಎಂದು ಬರೆದಿಡುತ್ತಾರೇನು?’ ಎಂದು ಕೇಳಿದರು.

ನಮಗೆ ಅದು ಹೊಳೆದಿರಲೇ ಇಲ್ಲ. ನಾವು ತಿಂಗಳಿನ ಲೆಕ್ಕ ಇಡುತ್ತಿದ್ದೆವು, ಊರು ನಕ್ಷತ್ರದ ಲೆಕ್ಕ ಇಡುತ್ತಿತ್ತು. ಅಂದಿನಿಂದ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಬಂತು. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಹೀಗೆ ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ಮಳೆ. ಪ್ರತಿ ಮಳೆ ಮುಗಿದಾಗ ಮೊತ್ತವನ್ನು ಪಂಚಾಯಿತಿ ಕಟ್ಟೆಯ ಕಪ್ಪುಹಲಗೆಯ ಮೇಲೆ ಮಕ್ಕಳೇ ಬರೆದು ಬರುತ್ತಿದ್ದರು. ಜನ ನಿಂತು ಓದಿದರು. ಕೆಲವರು ವಾದಕ್ಕೂ ನಿಂತರು: ‘ನಮ್ಮ ಹೊಲದಲ್ಲಿ ಹದವೇ ಆಗಿಲ್ಲ, ನೀವು ಮೂವತ್ತು ಮಿಲಿಮೀಟರ್ ಬರೆದಿದ್ದೀರಿ!’ ಒಂದೇ ಊರಿನ ಎರಡು ದಿಕ್ಕಿನಲ್ಲಿ ಮಳೆ ಬೇರೆಯಾಗಿರಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಆ ವಾದದಿಂದ. ಊರ ಸುತ್ತ ಇನ್ನೂ ಮೂರು ಬಾಟಲಿಗಳು ಕುಳಿತದ್ದೂ ಅದರಿಂದಲೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಇರಿಸಿರುವ ಮಳೆಮಾಪಕದ ಅಂಕಿಗೂ ನಮ್ಮ ಬಾಟಲಿಗಳ ಅಂಕಿಗೂ ತಾಳೆ ನೋಡುವುದು ಮಕ್ಕಳಿಗೆ ಪಂದ್ಯದಷ್ಟೇ ಉಮೇದಿನ ಸಂಗತಿಯಾಯಿತು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ ನಮ್ಮ ಕಡೆ. ಆದರೆ ರೋಹಿಣಿ ಮೇ ತಿಂಗಳ ಕೊನೆಗೆ ಬರುತ್ತದೆ, ಶಾಲೆಗೆ ಆಗ ರಜೆ. ಹಾಗಾಗಿ ಬೇಸಿಗೆಯಲ್ಲಿ ಬಾಟಲಿ ಮತ್ತು ರಿಜಿಸ್ಟರ್ ಯಾರಾದರೊಬ್ಬರ ಮನೆಗೆ ಹೋಗಬೇಕೆಂದು ತೀರ್ಮಾನವಾಯಿತು.

ರಿಜಿಸ್ಟರಿಗೆ ಒಂದೇ ನಿಯಮ. ಕಂಡದ್ದನ್ನು ಬರೆಯಬೇಕು, ಬರೆದದ್ದನ್ನು ಅಳಿಸಬಾರದು. ತಪ್ಪಾಗಿದ್ದರೆ ಒಂದು ಗೆರೆ ಹೊಡೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಈ ನಿಯಮದ ಹಿಂದೆ ನನ್ನದೊಂದು ಹಳೆಯ ನಾಚಿಕೆ ಇದೆ. ಬಿ.ಎಸ್ಸಿ.ಯಲ್ಲಿ ಸರಳ ಲೋಲಕದ ಪ್ರಯೋಗ ಮಾಡುವಾಗ ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಾವು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಂಕಿಗಳನ್ನು ತುಂಬಿದೆವು. ನನಗೆ ಪೂರ್ಣ ಅಂಕ ಬಂದವು. ಮೂರು ವರ್ಷ ಪ್ರಯೋಗಶಾಲೆಯಲ್ಲಿ ನಿಂತರೂ ನಾನು ನಿಜವಾಗಿ ಏನನ್ನೂ ಅಳೆದಿರಲಿಲ್ಲ. ಮಕ್ಕಳು ಹಾಗೆ ಕಲಿಯಬಾರದೆಂಬ ಹಟ ನನಗೆ ಬಂದದ್ದು ಅಲ್ಲಿಂದ.

ಆ ಹಟಕ್ಕೆ ಪರೀಕ್ಷೆ ಬಂದದ್ದು 2019ರ ಸೆಪ್ಟೆಂಬರಿನಲ್ಲಿ.

ಬಿ.ಇಡಿ. ಗೆಳೆಯ ಆಗ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರಲ್ಲಿದ್ದ. ಎರಡೂ ಶಾಲೆ ಸೇರಿ ಭೂಮಿಯ ಸುತ್ತಳತೆಯನ್ನು ಅಳೆಯೋಣ ಎಂದು ಮಾತಾಯಿತು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳುಗಳನ್ನು ಹೋಲಿಸಿ ಮಾಡಿದ್ದ ಕೆಲಸವೇ ಇದು. ಅವನಿಗೆ ಸಿಕ್ಕ ಕೋನ 7.2 ಡಿಗ್ರಿ, ಅಂದರೆ ಪೂರ್ಣ ವೃತ್ತದ ಐವತ್ತನೇ ಒಂದು ಭಾಗ. ಎರಡು ಊರುಗಳ ನಡುವಿನ ದೂರವನ್ನು ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಬಂತು. ಮೈಲುಗಟ್ಟಲೆ ಅಲೆಯಬೇಕಿಲ್ಲ, ಒಂದು ಕೋಲು ಮತ್ತು ಅದರ ನೆರಳು ಸಾಕು ಎಂದು ಹೇಳಿದಾಗ ಮಕ್ಕಳು ನಂಬಲಿಲ್ಲ. ನಂಬದೆ ಇದ್ದದ್ದು ನನಗೆ ಇಷ್ಟವಾಯಿತು.

ಸೆಪ್ಟೆಂಬರ್ 23, ಸೋಮವಾರ, ವಿಷುವದ ದಿನ. ಅಂದು ಸೂರ್ಯ ಸಮಭಾಜಕದ ನೇರ ಮೇಲಿರುತ್ತಾನೆ, ಹಾಗಾಗಿ ನಡುಹಗಲ ನೆರಳಿನ ಕೋನವೇ ಆ ಊರಿನ ಅಕ್ಷಾಂಶ. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ ಎಂಬುದೇ ಒಂದು ದೊಡ್ಡ ಪಾಠವಾಯಿತು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವುದು ಸುಮಾರು 25 ನಿಮಿಷ ತಡ. ಸೆಪ್ಟೆಂಬರ್ ಕೊನೆಯಲ್ಲಿ ಭೂಮಿಯ ಕಕ್ಷೆಯ ಕಾರಣದಿಂದ ಸೂರ್ಯ ಏಳೂವರೆ ನಿಮಿಷ ಮುಂದಿರುತ್ತಾನೆ. ಕೂಡಿ ಕಳೆದರೆ 12 ಗಂಟೆ 18 ನಿಮಿಷ. ‘ಹಾಗಾದರೆ ನಮ್ಮ ಊರಿನ ನಿಜವಾದ ಹನ್ನೆರಡು ಗಂಟೆಯನ್ನು ಯಾರು ತೆಗೆದುಕೊಂಡರು ಸರ್?’ ಎಂದು ಕುರಿ ಸಾಕುವ ಮನೆಯ ಹುಡುಗನೊಬ್ಬ ಕೇಳಿದ. ಆ ಪ್ರಶ್ನೆಗೆ ರೈಲುಗಳ ಕಾಲದಿಂದ ಹಿಡಿದು ಎರಡು ಶನಿವಾರಗಳು ಬೇಕಾದವು.

ಧ್ವಜಕಟ್ಟೆಯ ಮುಂದಿನ ಸಿಮೆಂಟ್ ನೆಲದ ಮೇಲೆ ಒಂದು ಮೀಟರ್ ಎತ್ತರದ ಕೋಲು ನಿಲ್ಲಿಸಿ, ಗೌಂಡಿಯ ತೂಗುಗುಂಡಿನಿಂದ ಅದು ನೆಟ್ಟಗಿದೆಯೇ ಎಂದು ನಾಲ್ಕೂ ಕಡೆ ನೋಡಿದೆವು. ಬಿಸಿಯೂಟದ ಅನ್ನದ ವಾಸನೆ ಬರುತ್ತಿತ್ತು, ಯಾರೂ ಕದಲಲಿಲ್ಲ. ಮೂರು ನಿಮಿಷಕ್ಕೊಮ್ಮೆ ಗುರುತು. ಅತಿ ಗಿಡ್ಡ ನೆರಳು 28.0 ಸೆಂಟಿಮೀಟರ್. ಗೆಳೆಯನ ಶಾಲೆಯಿಂದ ಫೋನ್ ಬಂತು: 21.0. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಕೋನಗಳ ವ್ಯತ್ಯಾಸ 3.78 ಡಿಗ್ರಿ. ಭೂಪಟದಲ್ಲಿ ಎರಡು ಊರುಗಳ ನಡುವಿನ ಉತ್ತರ-ದಕ್ಷಿಣ ದೂರ 378 ಕಿಲೋಮೀಟರ್. ಸುತ್ತಳತೆ ಸರಿಯಾಗಿ 36,000.

ಪುಸ್ತಕದಲ್ಲಿರುವುದು 40,000. ಮಕ್ಕಳ ಮುಖ ಇಳಿಯಿತು.

ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ ಹೇಳಿದರು, ‘ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಮಾಡಿದರೆ ಹತ್ತಿರ ಬರುತ್ತದಲ್ಲ, ಬರೆದುಬಿಡಿ. ಮಕ್ಕಳಿಗೆ ಉತ್ಸಾಹ ಬರಲಿ.’ ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಹಾಗನ್ನಿಸಿತು. ಅಷ್ಟರಲ್ಲಿ ಅಂದು ಬಸ್ಸಿನಲ್ಲಿ ಅತ್ತಿದ್ದ ಹುಡುಗಿ, ಆಗ ಹತ್ತನೇ ತರಗತಿ, ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು 36,000 ಎಂದು ಬರೆದಾಗಿತ್ತು. ಅದರ ಕೆಳಗೆ ಒಂದು ಟಿಪ್ಪಣಿಯನ್ನೂ ಬರೆದಳು: ‘ನೆರಳಿನ ತುದಿ ಸ್ಪಷ್ಟವಾಗಿಲ್ಲ. ಕಪ್ಪು ಮುಗಿದ ಮೇಲೂ ಸುಮಾರು 1 ಸೆಂ.ಮೀ. ಮಸುಕಾಗಿದೆ. ಏಕೆ ಎಂದು ತಿಳಿಯಲಿಲ್ಲ.’

ನನಗೂ ಆ ಹೊತ್ತಿಗೆ ಹೊಳೆಯಲಿಲ್ಲ. ಕೋಲಿನ ತುದಿ ಒರಟಾಗಿರಬೇಕು ಎಂದುಕೊಂಡೆ.

ಡಿಸೆಂಬರ್ 26ರ ಗ್ರಹಣಕ್ಕೆ ಊರು ಒಂದು ವಾರ ಮೊದಲೇ ಸಿದ್ಧವಾಗುತ್ತಿತ್ತು. ಮಂಗಳೂರು, ಕೊಡಗಿನ ಕಡೆ ಅದು ಕಂಕಣ ಗ್ರಹಣ, ನಮ್ಮಲ್ಲಿ ಪಾರ್ಶ್ವ. ಗ್ರಹಣವೆಂದರೆ ನಮ್ಮ ಕಡೆ ಒನಕೆ ನಿಲ್ಲಿಸುತ್ತಾರೆ. ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸುವುದು. ಗ್ರಹಣ ಹಿಡಿದಿರುವವರೆಗೆ ಅದು ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆ. ಶನಿವಾರದ ಸಭೆಯಲ್ಲಿ ಕುರಿ ಸಾಕುವ ಮನೆಯ ಹುಡುಗ ಇದನ್ನು ಎತ್ತಿದ. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಏನು ಮಾಡಿದರೆ ತಿಳಿಯುತ್ತದೆ ಎಂದು ಕೇಳಿದೆ. ಐದು ನಿಮಿಷ ಚರ್ಚೆಯಾಗಿ, ಗ್ರಹಣದ ದಿನ ನಿಲ್ಲಿಸಿದರೆ ಮಾತ್ರ ಏನೂ ತಿಳಿಯುವುದಿಲ್ಲ, ಗ್ರಹಣವಿಲ್ಲದ ದಿನವೂ ನಿಲ್ಲಿಸಿ ನೋಡಬೇಕು ಎಂದು ಅವರೇ ಕಂಡುಕೊಂಡರು. ನನಗೆ ಅಂದು ಆದ ಸಂತೋಷವನ್ನು ಹೇಗೆ ಹೇಳಲಿ! ಪಠ್ಯಪುಸ್ತಕದ ಎಷ್ಟೋ ಅಧ್ಯಾಯಗಳು ಹೇಳಿಕೊಡಲಾರದ್ದು ಅದು.

ಅಂದೇ, ಡಿಸೆಂಬರ್ 21ರಂದು, ಅವನ ಅಜ್ಜಿಯ ಅಂಗಳದಲ್ಲಿ ಪ್ರಯೋಗ ನಡೆಯಿತು. ಅಜ್ಜಿ ಮೊದಲು ಒಪ್ಪಲಿಲ್ಲ. ‘ಗ್ರಹಣವಿಲ್ಲದೆ ಒನಕೆ ನಿಲ್ಲಿಸಬಾರದಪ್ಪ’ ಎಂದರು. ಮೊಮ್ಮಗ ಕಾಡಿ ಬೇಡಿ ತಂದ. ಹಳೆಯ ಒನಕೆ, ತುದಿಗೆ ಕಬ್ಬಿಣದ ಬಳೆ, ತಳ ಬಳಸಿ ಬಳಸಿ ಸಪಾಟಾಗಿತ್ತು. ಏಳನೇ ಪ್ರಯತ್ನಕ್ಕೆ ನಿಂತಿತು. ಬುಡ ಸಪಾಟಾಗಿದ್ದು, ಗುರುತ್ವ ಕೇಂದ್ರದಿಂದ ನೆಟ್ಟಗೆ ಎಳೆದ ಗೆರೆ ಬುಡದೊಳಗೇ ಬಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಬೇಕಾದದ್ದು ಕೈಯ ತಾಳ್ಮೆ. ಅಜ್ಜಿ ಸುತ್ತ ಒಂದು ಸಲ ಬಂದು ನೋಡಿದರು. ಮಕ್ಕಳು ಅವರ ಮುಖವನ್ನೇ ನೋಡುತ್ತಿದ್ದರು. ಬೈಯುತ್ತಾರೆಂದು ನಾನೂ ಅಂದುಕೊಂಡೆ. ಅವರು ಹೇಳಿದ್ದು ಇಷ್ಟೇ: ‘ಇಷ್ಟು ವರ್ಷ ಬೇರೆ ದಿನ ಯಾರೂ ನಿಲ್ಲಿಸಿ ನೋಡಿರಲಿಲ್ಲ ಮಾಸ್ತರರೇ.’ ಆ ಮಾತನ್ನು ಮೊಮ್ಮಗ ರಿಜಿಸ್ಟರಿನಲ್ಲಿ ಹಾಗೆಯೇ ಬರೆದಿದ್ದಾನೆ. ನಂಬಿಕೆಯೊಂದನ್ನು ನಾವು ಆಡಿಕೊಂಡು ನಗಲು ಹೋಗಿದ್ದರೆ ಆ ಅಂಗಳದ ಬಾಗಿಲು ಸಂಘಕ್ಕೆ ಮತ್ತೆಂದೂ ತೆರೆಯುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಗ್ರಹಣದ ಬೆಳಿಗ್ಗೆ, ಎಂಟು ಗಂಟೆಗೆ ಮೊದಲೇ, ಇಪ್ಪತ್ತಾರು ಮಕ್ಕಳು ಬಂದರು. ನೇರವಾಗಿ ಯಾರೂ ನೋಡಬಾರದು, ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಯಾವುದೂ ಕಣ್ಣನ್ನು ಕಾಯುವುದಿಲ್ಲ ಎಂದು ವಾರವಿಡೀ ಹೇಳಿದ್ದೆ. ಕನ್ನಡಿಯ ಚೂರಿಗೆ ಸಣ್ಣ ತೂತಿನ ಕಾಗದ ಅಂಟಿಸಿ, ಅಂಗಳದಿಂದ ಬಿಸಿಲನ್ನು ಹದಿನೈದು ಮೀಟರ್ ಆಚೆಯ ಕತ್ತಲೆಯ ಕೋಣೆಯ ಗೋಡೆಗೆ ಬಿಟ್ಟೆವು. ಗೋಡೆಯ ಮೇಲೆ ಸುಮಾರು 14 ಸೆಂಟಿಮೀಟರ್ ಅಗಲದ ಸೂರ್ಯ ಮೂಡಿದ. ಅಂಚಿನಲ್ಲಿ ಯಾರೋ ಕಚ್ಚಿದಂತೆ ಒಂದು ತುಣುಕು ಇರಲಿಲ್ಲ. ಒಂಬತ್ತೂವರೆಯ ಹೊತ್ತಿಗೆ ಅದು ತೆಳುವಾದ ಕುಡುಗೋಲಾಗಿತ್ತು. ಬಿಸಿಲು ಇದ್ದೂ ಇಲ್ಲದಂತೆ, ಬೆಳ್ಳಿಯ ಬಣ್ಣಕ್ಕೆ ತಿರುಗಿತು. ಬೇವಿನ ಮರದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲುಗಳು! ನೆಲದ ಮೇಲೆ ನೂರಾರು. ಚಿಕ್ಕ ಮಕ್ಕಳು ಅವುಗಳನ್ನು ಅಂಗೈಯಲ್ಲಿ ಹಿಡಿಯುತ್ತ ಓಡಾಡಿದರು.

ನಾನು ಮಂಡಕ್ಕಿ ತಂದಿದ್ದೆ. ಗ್ರಹಣದ ಹೊತ್ತಿನಲ್ಲಿ ತಿಂದೆ, ತಿನ್ನಬೇಕೆನಿಸಿದವರೂ ತಿಂದರು. ಬೇಡವೆಂದವರನ್ನು ಒತ್ತಾಯಿಸಲಿಲ್ಲ. ಅಡುಗೆಯ ಅಕ್ಕ ಗ್ರಹಣ ಬಿಡುವವರೆಗೆ ಒಲೆ ಹಚ್ಚುವುದಿಲ್ಲವೆಂದು ಹೇಳಿದ್ದರು, ಹನ್ನೊಂದು ದಾಟಿದ ಮೇಲೆ ಹಚ್ಚಿದರು. ಊಟ ಮುಕ್ಕಾಲು ಗಂಟೆ ತಡವಾಯಿತು. ಆದರೆ ಒಂಬತ್ತೂವರೆಗೆ ಅವರೇ ಸೆರಗನ್ನು ತಲೆಗೆ ಹೊದ್ದು ಬೇವಿನ ಮರದ ಕೆಳಗೆ ಬಂದು ನಿಂತು ನೋಡಿದ್ದು ನಾನು ಕಂಡೆ.

ಗ್ರಹಣ ಬಿಟ್ಟು ಮಕ್ಕಳು ಚದುರಿದ ಮೇಲೆ ಆ ಹುಡುಗಿ ಒಬ್ಬಳೇ ರಟ್ಟಿನ ತೂತನ್ನು ಕಾಗದದಿಂದ ಹತ್ತಿರ, ದೂರ ಮಾಡುತ್ತ ಕುಳಿತಿದ್ದಳು. ಒಂದು ಮೀಟರ್ ದೂರಕ್ಕೆ ಹಿಡಿದರೆ ಸೂರ್ಯನ ಗುಂಡನೆಯ ಬಿಂಬ ಎಷ್ಟು ಅಗಲ ಬರುತ್ತದೆಂದು ಅಳೆದಳು. 9 ಮಿಲಿಮೀಟರ್. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಚೇರಿಗೆ ಓಡಿಹೋಗಿ ರಿಜಿಸ್ಟರ್ ತಂದು ಸೆಪ್ಟೆಂಬರಿನ ಪುಟ ತೆಗೆದಳು.

‘ಸರ್, ಕೋಲು ಒಂದು ಮೀಟರ್. ಮಸುಕು ಒಂದು ಸೆಂಟಿಮೀಟರ್. ಇದು ಸೂರ್ಯನ ಅಗಲವೇ ಅಲ್ಲವೇ?’

ನಾನು ಕುಳಿತುಬಿಟ್ಟೆ. ಅದೇ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ತಟ್ಟೆಯ ಮೇಲಂಚಿನಿಂದ ಬಂದ ಬೆಳಕು ಒಂದು ಕಡೆ ನೆರಳನ್ನು ಮುಗಿಸುತ್ತದೆ, ಕೆಳಂಚಿನಿಂದ ಬಂದದ್ದು ಇನ್ನೊಂದು ಕಡೆ. ನಡುವೆ ಉಳಿಯುವುದು ಅರೆನೆರಳು. ಆ ಮಸುಕಿನಲ್ಲಿ ಒಂದು ಇರುವೆ ನಿಂತು ಮೇಲೆ ನೋಡಿದರೆ ಕೋಲಿನ ತುದಿ ಸೂರ್ಯನ ಒಂದು ಭಾಗವನ್ನು ಮುಚ್ಚಿರುವುದು ಕಾಣುತ್ತದೆ. ಅಂದರೆ ಇರುವೆಗೆ ಅಲ್ಲಿ ಪ್ರತಿದಿನವೂ ಪಾರ್ಶ್ವ ಗ್ರಹಣ. ಅಂದು ಬೆಳಿಗ್ಗೆ ಚಂದ್ರ ನಮ್ಮ ಇಡೀ ಜಿಲ್ಲೆಯನ್ನು ಅಂಥದ್ದೇ ಒಂದು ಮಸುಕಿನೊಳಗೆ ನಿಲ್ಲಿಸಿದ್ದ.

ಆಮೇಲೆ ಅವಳಿಗೆ ಇನ್ನೊಂದು ಅನುಮಾನ ಬಂತು. ‘ನಾವು ಮಸುಕು ಮುಗಿಯುವಲ್ಲಿಗೆ ಅಳೆದೆವು. ಅವರು ಎಲ್ಲಿಗೆ ಅಳೆದರು?’ ಕೂಡಲೇ ಫೋನ್ ಮಾಡಿದೆವು. ಗೆಳೆಯ ತನ್ನ ಮಕ್ಕಳನ್ನು ಕೇಳಿ ಹತ್ತು ನಿಮಿಷದಲ್ಲಿ ಹೇಳಿದ: ಕಪ್ಪು ಮುಗಿಯುವಲ್ಲಿಗೆ. ನಮ್ಮ ನೆರಳು ಅರ್ಧ ಸೆಂಟಿಮೀಟರ್ ಉದ್ದವಾಗಿತ್ತು, ಅವರದು ಸ್ವಲ್ಪ ಗಿಡ್ಡವಾಗಿತ್ತು. ನಾಲ್ಕು ಸಾವಿರ ಕಿಲೋಮೀಟರ್ ಭೂಮಿ ಕಳೆದುಹೋಗಿದ್ದು ಅಲ್ಲಿ. ಸೆಪ್ಟೆಂಬರಿನಲ್ಲಿ ನಾವು ಅಂಕಿಯನ್ನು ‘ಸರಿ’ಮಾಡಿದ್ದರೆ ಈ ಫೋನ್ ಮಾಡುವ ಕಾರಣವೇ ಇರುತ್ತಿರಲಿಲ್ಲ.

ಜನವರಿಯ ಒಂದು ಶನಿವಾರ ಎರಡೂ ಶಾಲೆಗಳು ಮಸುಕಿನ ನಡುವಿಗೆ ಅಳೆದವು. ವಿಷುವದ ದಿನವೇ ಆಗಬೇಕಿಲ್ಲ, ಒಂದೇ ದಿನ ಇಬ್ಬರೂ ಅಳೆದರೆ ಕೋನಗಳ ವ್ಯತ್ಯಾಸ ಅಷ್ಟೇ ಇರುತ್ತದೆ ಎಂಬುದನ್ನೂ ಮಕ್ಕಳೇ ಚಿತ್ರ ಬರೆದು ಕಂಡುಕೊಂಡಿದ್ದರು. ಉತ್ತರ 39,100 ಬಂತು. ಆ ವರ್ಷ ಹತ್ತನೇ ತರಗತಿಯವರು ಸಂಘಕ್ಕೆ ಬರುತ್ತಿದ್ದುದಕ್ಕೆ ಕೆಲವು ಪೋಷಕರಿಗೂ ಕೆಲವು ಸಹೋದ್ಯೋಗಿಗಳಿಗೂ ಅಸಮಾಧಾನವಿತ್ತು. ವಿಶೇಷ ತರಗತಿ ತಪ್ಪುತ್ತದೆ, ಅಂಕ ಕಡಿಮೆಯಾಗುತ್ತದೆ ಎಂಬ ಭಯ. ಅವರ ಭಯ ಸುಳ್ಳಲ್ಲ. ನಮ್ಮ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಅಂಕವೇ ಊರಿನಿಂದ ಹೊರಗೆ ಹೋಗುವ ಬಸ್ಸಿನ ಟಿಕೆಟ್. ಆದ್ದರಿಂದ ಫೆಬ್ರುವರಿಯಿಂದ ಹತ್ತನೆಯವರಿಗೆ ಸಂಘದಿಂದ ಬಿಡುವು ಕೊಟ್ಟೆವು. ಅದು ಸರಿಯೆಂದೇ ನನಗೆ ಈಗಲೂ ಅನ್ನಿಸುತ್ತದೆ.

ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪರೀಕ್ಷೆ ಮುಂದೆ ಹೋಯಿತು. ಮಳೆಯ ಬಾಟಲಿ ಮತ್ತು ರಿಜಿಸ್ಟರ್ ಆ ಬೇಸಿಗೆ ಅವಳ ಮನೆಯಲ್ಲಿದ್ದವು. 2020ರ ರೋಹಿಣಿಯ ಎಲ್ಲ ಅಂಕಿಗಳೂ ಅವಳ ಕೈಬರಹದಲ್ಲಿವೆ. ಜೂನ್ ಕೊನೆಗೆ ಮುಖಗವಸು ಕಟ್ಟಿಕೊಂಡು ಪರೀಕ್ಷೆ ಬರೆಯುತ್ತಿದ್ದ ವಾರದಲ್ಲೂ ಆರಿದ್ರಾ ಮಳೆಯ ಒಂದು ದಿನವೂ ಖಾಲಿ ಇಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ, ನಾವು ಗುಡಿಯ ಕಟ್ಟೆಯ ಮೇಲೆ, ಮರದ ಕೆಳಗೆ ಪಾಠ ಮಾಡುತ್ತಿದ್ದಾಗ ಅವಳು ಬಂದು ರಿಜಿಸ್ಟರನ್ನು ಒಂಬತ್ತನೇ ತರಗತಿಯ ಹುಡುಗನೊಬ್ಬನ ಕೈಗೆ ಕೊಟ್ಟಳು. ನನಗೆ ಕೊಡಲಿಲ್ಲ. ಪಿಯುಸಿಗೆ ಸೇರಲು ಪಟ್ಟಣಕ್ಕೆ ಹೋಗುವವಳಿದ್ದಳು.

2023ರ ಜೂನ್‌ನಲ್ಲಿ ನನಗೆ ವರ್ಗಾವಣೆಯಾಯಿತು. ಹೊಸ ಶಾಲೆಯಲ್ಲಿ ಈಗ ಬಾಟಲಿ ಕತ್ತರಿಸಿದ್ದೇವೆ, ಆರು ಮಕ್ಕಳಿದ್ದಾರೆ. ಹಳೆಯ ಶಾಲೆಗೆ ಬಂದ ಹೊಸ ಶಿಕ್ಷಕಿ ಶನಿವಾರವನ್ನು ಬಿಟ್ಟಿಲ್ಲವೆಂದು ಮಕ್ಕಳು ಆಗಾಗ ಸುದ್ದಿ ಕೊಡುತ್ತಿದ್ದರು. ಅದೇ ಸೆಪ್ಟೆಂಬರ್ 23, ವಿಷುವದ ದಿನ, ಶನಿವಾರವೇ ಬಂದಿತ್ತು. ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ರಿಜಿಸ್ಟರಿನ ಪುಟ. ನಾನು ನೋಡಿರದ ಕೈಬರಹ.

‘ಕಪ್ಪು ಮುಗಿದದ್ದು 27.0. ಮಸುಕು ಮುಗಿದದ್ದು 28.0. ನಡು 27.5. ಮೋಡ ಬಂದದ್ದರಿಂದ 12:18ರ ಅಳತೆ ಸಿಗಲಿಲ್ಲ. ಇದು 12:21ರದ್ದು.’ ಅದರ ಕೆಳಗೆ ಎರಡು ಸಹಿ.